ಎಡಚ ಪನಾಸನ ಬೀಸುಕಲ್ಲುಗಳು

ಕಲ್ಲುಕುಟಿಗನನ್ನು ಕೈ ನೋಡಿ ಗುರುತಿಸಬಹುದು. ಉಳಿಯ ತುದಿಯಿಂದ ಸಿಡಿದ ಉಕ್ಕಿನ ಚೂರುಗಳು ಚರ್ಮದೊಳಗೆ ಹೊಕ್ಕು ಅಲ್ಲೇ ಉಳಿದುಬಿಡುತ್ತವೆ. ವರ್ಷ ಕಳೆದ ಹಾಗೆ ಕೈಯ ಹಿಂಬದಿ ನೀಲಿ ಚುಕ್ಕೆಗಳಿಂದ ತುಂಬುತ್ತದೆ. ನಮ್ಮ ವೆರ್ಬಿವ್ಕಾ ಹಳ್ಳಿಯ ಗಿರಣಿಗೆ ಯಾರಾದರೂ ಕಲ್ಲು ಕುಟ್ಟುವ ಕೆಲಸ ಕೇಳಿಕೊಂಡು ಬಂದರೆ ಮೊದಲು "ಕೈ ತೋರಿಸಪ್ಪ" ಅನ್ನುತ್ತಿದ್ದರು. ಚುಕ್ಕೆ ಇಲ್ಲದವನಿಗೆ ಕೆಲಸವೂ ಇಲ್ಲ. ಎಲ್ಲರಿಗೂ ಆ ಚುಕ್ಕೆಗಳು ಎಡಗೈ ಮೇಲೆ, ಉಳಿ ಹಿಡಿಯುವ ಕೈ ಮೇಲೆ. ಪನಾಸ್ ಶುಲ್ಹಾನಿಗೆ ಮಾತ್ರ ಬಲಗೈ ಮೇಲೆ. ಅವನು ಎಡಚ. ಅವರ ಮನೆತನದ ಹೆಸರಿನ ಅರ್ಥವೂ ಅದೇ, ಅಪ್ಪ ಅಜ್ಜ ಎಲ್ಲರೂ ಎಡಚರೇ.

ಎಡಗೈಯವನು ಕುಟ್ಟಿದ ಬೀಸುಕಲ್ಲಿನ ಗೀರುಗಳು ಉಳಿದವರ ಗೀರುಗಳಿಗೆ ತಿರುಗುಮುರುಗಾಗಿ ಬಾಗಿರುತ್ತವೆ. ಹಾಗಾಗಿ ಅವನ ಕಲ್ಲನ್ನು ಎಡಕ್ಕೆ ತಿರುಗಿಸಿ ಬೀಸಬೇಕು. ಬೇರೆ ಊರಿಂದ ಬಂದ ಹೊಸ ಸೊಸೆಯರು ಇದು ತಿಳಿಯದೆ ಬಲಕ್ಕೆ ತಿರುಗಿಸಿ, ಅರ್ಧಂಬರ್ಧ ನುಚ್ಚು ತೆಗೆದು, ಅತ್ತೆಯಿಂದ ಬೈಸಿಕೊಳ್ಳುತ್ತಿದ್ದರು. ಸರಿಯಾಗಿ ತಿರುಗಿಸಿದರೆ ಅವನ ಕಲ್ಲಿನಿಂದ ಬರುತ್ತಿದ್ದ ಹಿಟ್ಟು ಬೆರಳಿಗೆ ಹತ್ತುತ್ತಲೇ ಇರಲಿಲ್ಲ, ಅಷ್ಟು ನುಣುಪು. ಶತ್ರುವಾದರೂ ಒಪ್ಪಬೇಕಾದ ಮಾತು ಇದು. ನಾನು ಶತ್ರುವೇ ಆಗಿದ್ದೆ, ಆದ್ದರಿಂದ ಹೇಳುತ್ತಿದ್ದೇನೆ.

ಯಾಕೆಂದು ಮೊದಲೇ ಹೇಳಿಬಿಡುತ್ತೇನೆ. ಮೂವತ್ತೆರಡನೆಯ ಇಸವಿಯ ಚಳಿಗಾಲ, ನಮ್ಮದೇ ಸರ್ಕಾರದ ತಂಡಗಳು ಮನೆಮನೆಯ ಗೋಡೆಗೆ ಕಬ್ಬಿಣದ ಸಲಾಕೆ ಚುಚ್ಚಿ ಧಾನ್ಯ ಹುಡುಕಿದವು. ಸಿಕ್ಕಿದ್ದೆಲ್ಲ ಒಯ್ದ ಮೇಲೂ ಜನ ಅಲ್ಲಿ ಇಲ್ಲಿ ಬಚ್ಚಿಟ್ಟ ಹಿಡಿ ಕಾಳು ಬೀಸಿಕೊಂಡು ತಿನ್ನುತ್ತಾರೆ ಎಂದು ಅನುಮಾನ ಬಂದು, ಬೀಸುಕಲ್ಲುಗಳನ್ನೇ ಒಡೆಯಲು ಆಜ್ಞೆಯಾಯಿತು. ಯಾರ ಮನೆಯಲ್ಲಿ ಕಲ್ಲಿದೆ ಎಂದು ಅವರಿಗೇನು ಗೊತ್ತು? ಗೊತ್ತಿದ್ದವನು ಒಬ್ಬನೇ, ಅವನ್ನು ಕುಟ್ಟಿಕೊಟ್ಟ ಪನಾಸ್. ಹೆಂಡತಿ ಮಕ್ಕಳಿಗೆ ರೇಷನ್ ಕೊಡುತ್ತೇವೆ ಎಂದರು. ಅವನು ಸುತ್ತಿಗೆ ಹಿಡಿದು ಹೊರಟ.

ನನಗಾಗ ಹತ್ತು ವರ್ಷ. ಅಪ್ಪ ಸಿದೋರ್‌ನನ್ನು ಎರಡು ವರ್ಷದ ಹಿಂದೆಯೇ ಸರ್ಕಾರದವರು ಉತ್ತರದ ಕಾಡಿಗೆ ಗಡೀಪಾರು ಮಾಡಿದ್ದರು. ಅಮ್ಮ ಬಾಗಿಲಿಗೆ ಅಡ್ಡ ನಿಂತು, "ಪನಾಸ್, ಇದು ನೀನೇ ಕುಟ್ಟಿದ ಕಲ್ಲು ಕಣೋ. ನನ್ನ ಮದುವೆಗೆ ಅಂತ ಕುಟ್ಟಿದ್ದು" ಅಂದಳು. ಅವನು ತಲೆ ಎತ್ತಲಿಲ್ಲ. ಅಂಗಳದಲ್ಲಿಟ್ಟು ಜಲ್ಲಿ ಮಾಡಿದ. ಆಮೇಲೆ ನನ್ನ ತಮ್ಮ ಇವಾಸ್ ಇಡೀ ಕಾಳುಗಳನ್ನೇ ಅಗಿದು ನುಂಗಲು ನೋಡಿದ, ನಾಲ್ಕು ವರ್ಷದ ಹಲ್ಲು ಎಷ್ಟು ಅಗಿದೀತು? ಮಾರ್ಚಿನಲ್ಲಿ ಅವನು ಹೋದ, ಅವನ ಹಿಂದೆಯೇ ಅಮ್ಮ. ಪನಾಸನ ಮನೆಗೆ ರೇಷನ್ ಬಂದದ್ದು ಎರಡೇ ವಾರ. ಏಪ್ರಿಲಿನಲ್ಲಿ ಅವನ ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳೂ ಸತ್ತರು. ಉಳಿದವಳು ಮಗಳು ಯಾರಿನಾ. ಅವಳು ತಾಯಿಯನ್ನು ಮಣ್ಣು ಮಾಡಿ, ಅಪ್ಪನ ಜೊತೆ ಒಂದು ಮಾತೂ ಆಡದೆ ಖಾರ್ಕಿವ್ ಪಟ್ಟಣಕ್ಕೆ ನಡೆದುಹೋಗಿ, ಅಲ್ಲಿ ಟ್ರ್ಯಾಕ್ಟರ್ ಕಾರ್ಖಾನೆ ಸೇರಿದಳು.

ನನ್ನನ್ನು ದೊಡ್ಡಮ್ಮ ಯಾವ್ದೋಖಾ ಸಾಕಿದಳು. ಊರಿನಲ್ಲಿ ಪನಾಸನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಎದುರಿಗೆ ಬಂದರೆ ನಾನು ಬೇಕೆಂದೇ ಉಗುಳುತ್ತಿದ್ದೆ. ಅವನು ಮಾತ್ರ ಪ್ರತಿ ಸಲವೂ "ಚೆನ್ನಾಗಿದ್ದೀಯೇನವ್ವಾ, ಸಿದೋರನ ಮಗಳೇ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದ.

ನಲವತ್ತೊಂದರ ಸೆಪ್ಟೆಂಬರಿನಲ್ಲಿ ಜರ್ಮನರು ಬಂದರು. ನಮ್ಮವರು ಹಿಂದೆ ಸರಿಯುವಾಗ ಗಿರಣಿಯ ದೊಡ್ಡ ಕಲ್ಲುಗಳಿಗೆ ಮದ್ದಿಟ್ಟು ಸಿಡಿಸಿ ಹೋದರು. ಮಾರನೆಯ ದಿನವೇ ಪನಾಸ್ ಹೋಗಿ ಆ ಚೂರುಗಳನ್ನು ಕೈಗಾಡಿಯಲ್ಲಿ ಮನೆಗೆ ಎಳೆದು ತಂದ. ಅಷ್ಟು ಖುಷಿಯಲ್ಲಿ ಅವನನ್ನು ಯಾರೂ ಎಂದೂ ಕಂಡಿರಲಿಲ್ಲ. ಹದಿನೆಂಟನೆಯ ಇಸವಿಯಲ್ಲೂ ಜರ್ಮನರು ನಮ್ಮೂರಲ್ಲಿ ಕೆಲವು ತಿಂಗಳು ಇದ್ದರು. ಆಗ ಅವನ ಮನೆಯಲ್ಲಿ ತಂಗಿದ್ದ ಹವಾಲ್ದಾರನೊಬ್ಬ ಮೊಟ್ಟೆಗೆ ದುಡ್ಡು ಕೊಟ್ಟು, ಬಾವಿಯ ರಾಟೆ ಸರಿಮಾಡಿ, ಹೋಗುವಾಗ ಕೈಕುಲುಕಿ ಹೋಗಿದ್ದನಂತೆ. ಅಷ್ಟನ್ನೇ ನಂಬಿಕೊಂಡು ಇಡೀ ಒಂದು ಸೈನ್ಯವನ್ನು ಅಳೆದ ಮನುಷ್ಯ ಅವನು. ಅವನೊಬ್ಬನೇ ಅಲ್ಲ, ಊರಿನ ಮುದುಕರೆಲ್ಲ ಹಾಗೇ ಅಳೆದರು. ಜರ್ಮನ್ ವಿಮಾನದಿಂದ ಉದುರಿದ ಚೀಟಿಯಲ್ಲಿ ರೈತನಿಗೆ ಭೂಮಿ ಎಂದು ಬರೆದಿತ್ತು. ಪನಾಸ್ ಅದನ್ನು ಮಡಿಚಿ ಟೋಪಿಯೊಳಗೆ ಇಟ್ಟುಕೊಂಡಿದ್ದ.

"ಇನ್ನು ಅವರವರ ಹೊಲ, ಅವರವರ ಕಾಳು. ಕಾಳು ಇದ್ದ ಮೇಲೆ ಕಲ್ಲು ಬೇಡ್ವಾ?" ಎಂದು ಎದುರು ಸಿಕ್ಕವರಿಗೆಲ್ಲ ಹೇಳುತ್ತ, ಆರು ವಾರದಲ್ಲಿ ಹನ್ನೊಂದು ಬೀಸುಕಲ್ಲು ಮಾಡಿದ. ಒಂದನ್ನು ಬೆನ್ನ ಮೇಲೆ ಹೊತ್ತು ನಮ್ಮ ಬಾಗಿಲಿಗೆ ತಂದಿಳಿಸಿದ.

"ನಿಮ್ಮಮ್ಮನ ಕಲ್ಲು ವಾಪಸ್ ತಂದಿದೀನಿ, ಸಿದೋರನ ಮಗಳೇ" ಅಂದ.

"ಅಮ್ಮನ್ನೂ ತಂದಿದ್ದೀರೇನು?" ಎಂದು ಕೇಳಿದೆ.

ದೊಡ್ಡಮ್ಮ ನನ್ನನ್ನು ಒಳಗೆ ದಬ್ಬಿ, "ಕಲ್ಲಿನ ಮೇಲೆ ಯಾಕೆ ಸಿಟ್ಟೇ, ಬಾಯಿಬಡುಕಿ? ಇಳಿಸಪ್ಪ, ಇಲ್ಲಿ ಒಲೆ ಪಕ್ಕ ಇಡು" ಎಂದಳು. ಅವಳಿಗೆ ಅವನ ಮೇಲೆ ಕರುಣೆಯೇನೂ ಇರಲಿಲ್ಲ, ಹಿಟ್ಟು ಬೇಕಿತ್ತು ಅಷ್ಟೆ.

ಅಕ್ಟೋಬರಿನಲ್ಲಿ ಲೂಡೆಕೆ ಎಂಬ ಜರ್ಮನ್ ಅಧಿಕಾರಿ ಬಂದ. ನಮ್ಮೂರು ಮತ್ತು ಸುತ್ತಲ ಆರು ಊರುಗಳ ಬೇಸಾಯಕ್ಕೆ ಅವನೇ ಯಜಮಾನ. ಸೈನಿಕನಂತೆ ಕಾಣುತ್ತಿರಲಿಲ್ಲ; ಜೇಬು ತುಂಬ ಗೋಧಿ, ಮಾತಿನ ಮಧ್ಯೆ ಒಂದೊಂದೇ ಕಾಳು ಬಾಯಿಗೆ ಹಾಕಿ ಕಚ್ಚಿ ನೋಡುವ ರೂಢಿ. ಶಾಲೆಯಲ್ಲಿ ನಾನು ಜರ್ಮನ್ ಚೆನ್ನಾಗಿ ಕಲಿತಿದ್ದೆ, ಹತ್ತೊಂಬತ್ತು ವರ್ಷ, ಟೈಪು ಮಾಡಲೂ ಬರುತ್ತಿತ್ತು. ಅವನ ಕಚೇರಿಗೆ ನನ್ನನ್ನು ಹಿಡಿದು ಕೂರಿಸಿದರು. ಒಲ್ಲೆ ಎನ್ನಬಹುದಿತ್ತು ಎಂದು ಈಗ ಹೇಳುವವರು ಆಗ ಅಲ್ಲಿರಲಿಲ್ಲ.

ಮೊದಲ ಸಭೆಯಲ್ಲಿ ಅವನ ಮಾತನ್ನು ಊರಿಗೆ ಹೇಳಿದವಳು ನಾನೇ. ಹಿಂದಿನ ಸರ್ಕಾರ ಎಲ್ಲರ ಹೊಲ ಕಿತ್ತು ಒಟ್ಟುಮಾಡಿ ನಡೆಸಿದ ಸಾಮೂಹಿಕ ಬೇಸಾಯ ಹಾಗೇ ಮುಂದುವರಿಯುತ್ತದೆ, ಹೆಸರು ಮಾತ್ರ ಬೇರೆ. ಬೆಳೆದದ್ದೆಲ್ಲ ಜರ್ಮನ್ ಸೈನ್ಯಕ್ಕೆ. ಮನೆಯಲ್ಲಿ ಬೀಸುಕಲ್ಲು ಇಟ್ಟುಕೊಳ್ಳುವುದು ಅಪರಾಧ.

ಹಿಂದಿನ ಸಾಲಿನಿಂದ ಮುದುಕ ಓಮೆಲ್ಕೊ, "ಅಲ್ಲವ್ವಾ, ಸರಿಯಾಗಿ ಹೇಳ್ತಿದೀಯಾ? ಇದು ಹೋದ ಸರ್ಕಾರದ ಕಾಗದ ಇರಬೇಕು ನೋಡು" ಅಂದ. ಜನ ನಕ್ಕರು. ನಾನು ನಗಲಿಲ್ಲ. ಪನಾಸ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ.

ಲೂಡೆಕೆ ಒಂದು ಉಪಕಾರ ಮಾಡಿದ: ಹತ್ತು ವರ್ಷದಿಂದ ಉಗ್ರಾಣವಾಗಿದ್ದ ಚರ್ಚನ್ನು ತೆರೆಸಿದ. ಗಂಟೆಯನ್ನು ಹಿಂದಿನವರು ಕರಗಿಸಿದ್ದರಿಂದ ಓಮೆಲ್ಕೊ ಒಂದು ರೈಲು ಕಂಬಿಯ ತುಂಡು ನೇತುಹಾಕಿ ಬಡಿಯುತ್ತಿದ್ದ. ಭಾನುವಾರ ಅರ್ಧ ಊರು ಚರ್ಚಿನಲ್ಲಿ ಗಂಟಲು ಹರಿಯುವಂತೆ ಹಾಡುವುದು, ಓಮೆಲ್ಕೊ ಕಂಬಿ ಬಡಿಯುವುದು, ಆ ಗದ್ದಲದಲ್ಲಿ ಉಳಿದ ಅರ್ಧ ಊರು ಮನೆಯಲ್ಲಿ ಕೂತು ಬೀಸುವುದು. ಮಾರನೆಯ ವಾರ ಹಾಡಿದವರು ಬೀಸುತ್ತಿದ್ದರು, ಬೀಸಿದವರು ಹಾಡುತ್ತಿದ್ದರು. "ಎಂಥಾ ದೈವಭಕ್ತ ಜನ!" ಎಂದು ಲೂಡೆಕೆ ನನ್ನೆದುರು ಮೆಚ್ಚಿಕೊಂಡ. ಹೌದು ಸ್ವಾಮಿ, ಬಹಳ ಭಕ್ತರು ಎಂದೆ.

ಆದರೆ ಒಂದು ಭಯ ನನ್ನನ್ನು ಬಿಡಲಿಲ್ಲ. ಹನ್ನೊಂದು ಕಲ್ಲಿನ ಮೇಲೂ ತಿರುಗುಮುರುಗು ಗೀರುಗಳಿದ್ದವು. ಒಂದು ಸಿಕ್ಕರೆ ಮಾಡಿದವನು ಯಾರೆಂದು ಕೇಳುವ ಅಗತ್ಯವೇ ಇಲ್ಲ. ಒಮ್ಮೆ ದೊಡ್ಡಮ್ಮನ ಕಲ್ಲಿನ ಮೊನೆ ಕುಟ್ಟಿಕೊಡಲು ಅವನು ಬಂದಾಗ ನಾನೇ ಹೇಳಿದೆ:

"ಬಲಗೈಯಲ್ಲಿ ಹೊಡೀರಿ. ಆ ಹಳೇ ಗೀರು ಅಳಿಸಿಹಾಕಿ."

"ಬಲಗೈಲಿ ಹೊಡೆದ್ರೆ ಹಿಟ್ಟಿಗೆ ಮರಳು ಬೀಳುತ್ತೆ ಕಣವ್ವ. ಮಕ್ಕಳು ತಿನ್ನೋದು."

"ಸಿಕ್ಕಿಬಿದ್ರೆ ನೇಣು ಹಾಕ್ತಾರೆ."

"ಕೆಟ್ಟ ಕಲ್ಲು ಮಾಡು ಅಂತ ಯಾರೂ ನಂಗೆ ಕಲಿಸಿಲ್ಲ" ಎಂದು ಉಳಿ ಎತ್ತಿಕೊಂಡ. ಇದು ಗರ್ವವೋ ಪೆದ್ದುತನವೋ ನನಗೆ ಈಗಲೂ ಬಗೆಹರಿದಿಲ್ಲ. ಈ ಗಿರಣಿ ಜನವೇ ಹಾಗೆ, ಜೀವ ಬಿಟ್ಟಾರು, ಗೀರು ಕೆಡಿಸಲಾರರು.

ಜನವರಿಯಲ್ಲಿ ಪಟ್ಟಣದ ಹೆಂಗಸರು ಕೋಟು, ಗಡಿಯಾರ, ಚಾದರಗಳನ್ನು ಜಾರುಬಂಡಿಯಲ್ಲಿ ಎಳೆದುಕೊಂಡು ಹಳ್ಳಿಗಳಿಗೆ ಬರತೊಡಗಿದರು, ಆಲೂಗಡ್ಡೆಗೆ ಬದಲು ಕೊಡಲು. ಅವರಲ್ಲೊಬ್ಬಳು ಪನಾಸನಿಗೆ ಮಗಳ ಪತ್ರ ತಂದಳು. ಅವನಿಗೆ ಓದು ಬಾರದು. ಒಂಬತ್ತು ವರ್ಷದಲ್ಲಿ ಬಂದ ಮೊದಲ ಪತ್ರವನ್ನು ಹಿಡಿದು ನನ್ನ ಬಳಿಗೇ ಬಂದ. ಓದಿ ಹೇಳಿದೆ. "ಅಪ್ಪಾ, ನಾನು ನಿನ್ನನ್ನು ಕ್ಷಮಿಸಿಲ್ಲ. ಬಡಗಿಯ ಅಂಟು ಕುದಿಸಿ ತಿನ್ನುತ್ತಿದ್ದೇವೆ. ನನ್ನ ಕಾಲು ಊದಿಕೊಂಡಿದೆ, ನಡೆದು ಬರಲಾರೆ. ರಿಮ್ಮಾಗೆ ಐದು ವರ್ಷ. ಹಿಟ್ಟು ಕಳಿಸು."

"ಇನ್ನೊಂದ್ಸಲ ಓದು" ಅಂದ. ಓದಿದೆ. "ಮೊಮ್ಮಗಳ ಹೆಸರು ಮಾತ್ರ ಇನ್ನೊಂದ್ಸಲ" ಅಂದ.

ಅವನು ಕಳಿಸಿದ ಹಿಟ್ಟನ್ನು ಪಟ್ಟಣದ ಸೇತುವೆಯ ಕಾವಲಿನವರು ಕಿತ್ತುಕೊಂಡರು. ಇನ್ನೊಬ್ಬಳ ಕೈಲಿ ಕಳಿಸಿದ, ಅದನ್ನೂ ಕಿತ್ತುಕೊಂಡರು. ಪಟ್ಟಣಕ್ಕೆ ಹಿಟ್ಟು ಬಿಡಬಾರದೆಂಬ ಆಜ್ಞೆ ಇದೆ ಎಂದು ನನಗೆ ಕಚೇರಿಯ ಕಾಗದದಿಂದ ಗೊತ್ತಿತ್ತು. ಇನ್ನು ಉಳಿದ ದಾರಿ ಅವರಿಬ್ಬರನ್ನೂ ಅಲ್ಲಿಂದ ಹೊರಗೆ ತರುವುದೊಂದೇ. ಅದಕ್ಕೆ ರಹದಾರಿ ಪತ್ರ ಬೇಕು, ಅದನ್ನು ಕೊಡಬಲ್ಲವನು ಲೂಡೆಕೆ.

ಅಷ್ಟರಲ್ಲಿ ಲೂಡೆಕೆಯೇ ಪನಾಸನ ಬಳಿಗೆ ಬಂದ. ಫೆಬ್ರವರಿಯ ಮೊದಲ ವಾರ, ಊರಂಚಿನ ಮನೆಯೊಂದರಲ್ಲಿ ಒಂದು ಬೀಸುಕಲ್ಲು ಸಿಕ್ಕಿತ್ತು. ಪನಾಸ್ ಗಿರಣಿಯಲ್ಲಿ ಜರ್ಮನರು ತರಿಸಿದ ಹೊಸ ದೊಡ್ಡ ಕಲ್ಲುಗಳನ್ನು ಕುಟ್ಟಿ ಮುಗಿಸುತ್ತಿದ್ದ. ಲೂಡೆಕೆ ಆ ಕಲ್ಲನ್ನು ಅವನ ಮುಂದಿಟ್ಟು, ಗೀರುಗಳ ಮೇಲೆ ಬೆರಳಾಡಿಸಿ ನಕ್ಕ. ಮಾತು ಮಾತಿಗೂ ತರ್ಜುಮೆ ಮಾಡುತ್ತ ಮಧ್ಯೆ ನಾನು ನಿಂತಿದ್ದೆ.

"ಎಡಗೈಯವನ ಕೆಲಸ. ಇಷ್ಟು ಚಂದದ್ದು ನಮ್ಮೂರಲ್ಲೂ ನೋಡಿಲ್ಲ ಕಣಯ್ಯ" ಎಂದು ತನ್ನ ಕೈಗವಸು ಕಳಚಿ ಕೈ ತೋರಿಸಿದ. ಮೂರು ನೀಲಿ ಚುಕ್ಕೆ. "ನಮ್ಮಪ್ಪಂದೂ ಗಿರಣಿ. ಉಳಿ ಹಿಡಿಸಿದ್ದ ನಂಗೂ."

ಪನಾಸನ ಮುಖ ಅರಳಿತು. ಈ ಮನುಷ್ಯ ಇನ್ನೂ ಹದಿನೆಂಟನೆಯ ಇಸವಿಯಲ್ಲೇ ಇದ್ದ.

"ಹಾಗಾದ್ರೆ ನಿಮಗೆ ಗೊತ್ತು ಸಾಹೇಬ್ರೇ, ಕಲ್ಲು ಅಂದ್ರೆ ಏನು ಅಂತ. ಜನಕ್ಕೆ ಎರಡು ಹಿಡಿ ಹಿಟ್ಟು, ಅಷ್ಟೇ. ನೀವೇ ಕೊಟ್ಟ ಮಾತು ಇದು" ಎಂದು ಟೋಪಿಯೊಳಗಿನ ಚೀಟಿ ತೆಗೆದು ಚಾಚಿದ.

ಲೂಡೆಕೆ ಓದಿ ವಾಪಸ್ ಕೊಟ್ಟ. "ಇದನ್ನ ಬರೆದವರು ಬೇರೆ ಕಚೇರಿಯವರು" ಅಂದ. ಆಮೇಲೆ ಗೋಧಿ ಮೂಟೆಯ ಮೇಲೆ ಕೂತು, ಕಸುಬುದಾರ ಕಸುಬುದಾರನಿಗೆ ಹೇಳುವಂತೆ ಹೇಳಿದ. ಸಿಟ್ಟಿರಲಿಲ್ಲ, ಅದೇ ಭಯಂಕರ.

"ಕೇಳು. ಹೋದ ಯುದ್ಧದಲ್ಲಿ ಶತ್ರುಗಳು ನಮಗೆ ಸಮುದ್ರದ ದಾರಿ ಮುಚ್ಚಿ, ಹೊರಗಿಂದ ಕಾಳು ಬರದ ಹಾಗೆ ಮಾಡಿದರು. ಹದಿನೇಳರ ಚಳಿಗಾಲ ನಮ್ಮಮ್ಮ ದನಕ್ಕೆ ಹಾಕೋ ಗೆಡ್ಡೆ ಬೇಯಿಸಿ ಹಾಕಿದಳು. ಗಿರಣಿಯವರ ಮನೆ ನಮ್ಮದು, ಬೀಸೋಕೆ ಕಾಳಿಲ್ಲ. ನನ್ನ ತಂಗಿ ಸತ್ತಳು. ಇನ್ನೊಂದ್ಸಲ ಹಾಗಾಗಬಾರದು ಅಂತ ನಮ್ಮೋರು ಪಣ ತೊಟ್ಟರು. ಅದಕ್ಕೇ ಬಂದಿದ್ದು. ನಿಮ್ಮನ್ನ ಬಿಡಿಸೋಕಲ್ಲ. ನಿಮ್ಮ ಕಪ್ಪು ಮಣ್ಣು ಬೇಕು, ಗೋಧಿ ಬೇಕು, ಅದರಾಚೆ ಕಲ್ಲಿದ್ದಲು, ಎಣ್ಣೆ. ಮೂವತ್ತು ಲಕ್ಷ ಸೈನಿಕರು ಇಲ್ಲಿಂದಲೇ ತಿನ್ನಬೇಕು. ಸಾಮೂಹಿಕ ಬೇಸಾಯ ಯಾಕೆ ಮುರೀಲಿಲ್ಲ ಗೊತ್ತಾ? ಕಾಳು ಕಿತ್ತುಕೊಳ್ಳೋಕೆ ಇದಕ್ಕಿಂತ ಒಳ್ಳೇ ಯಂತ್ರ ಇಲ್ಲ."

ನಾನು ಹೇಳಿದೆ. ಪನಾಸ್ ತಲೆಯಾಡಿಸುತ್ತ ಕೇಳಿದ.

"ಯುದ್ಧ ಮುಗಿದ ಮೇಲೆ ಆ ಹೊಳೆದಂಡೆ ನಂದು" ಎಂದು ಲೂಡೆಕೆ ಕಿಟಕಿಯಾಚೆ ಬೆರಳು ತೋರಿಸಿದ. "ಬರೆದುಕೊಟ್ಟಿದಾರೆ. ನಾವು ಆಳೋ ಕುಲ, ನೀವು ದುಡಿಯೋ ಕುಲ. ಓದಿದೋರು ಲೆಕ್ಕ ಹಾಕಿ ಬರೆದದ್ದು, ನನ್ನ ಸ್ವಂತದ್ದಲ್ಲ. ನಿನ್ನಂಥೋನು ಇರ್ತಾನೆ, ದುಡೀತಾನೆ. ಪಟ್ಟಣದ ಬಾಯಿಗಳು ಲೆಕ್ಕದಲ್ಲಿಲ್ಲ. ಅವು ತಿಂತಾವೆ, ಬೆಳೆಯಲ್ಲ."

"ನನ್ನ ಮಗಳು ಖಾರ್ಕಿವ್‌ನಲ್ಲಿದಾಳೆ. ಟ್ರ್ಯಾಕ್ಟರ್ ಮಾಡ್ತಿದ್ಲು" ಅಂದ ಪನಾಸ್.

"ಅದೇ ಹೇಳ್ತಿರೋದು."

ಪನಾಸ್ ಉಳಿ ಕೆಳಗಿಟ್ಟ. ಆಮೇಲೆ, "ನಿಮ್ಮಮ್ಮ ಗೆಡ್ಡೆ ಬೇಯಿಸಿದ್ರು ಅಂತ ನನ್ನ ಮಗಳು ಸಾಯಬೇಕಾ? ಕೇಳು ಅವನನ್ನ, ಸಿದೋರನ ಮಗಳೇ. ಹಿಂಗೇ ಕೇಳು" ಅಂದ.

ಹಾಗೆಯೇ ಕೇಳಿದೆ. ಲೂಡೆಕೆ ಒಂದು ಕಾಳು ಬಾಯಿಗೆ ಹಾಕಿ ಕಚ್ಚಿ, "ಸರಳವಾಗಿ ಹೇಳೋದಾದ್ರೆ, ಹೌದು" ಅಂದ.

ಆಮೇಲೆ ತನ್ನ ವ್ಯಾಪಾರ ಮುಂದಿಟ್ಟ. ಕಸುಬುದಾರನಾದ್ದರಿಂದ ಪನಾಸನನ್ನು ನೇಣಿಗೆ ಹಾಕುವುದಿಲ್ಲ. ನಾಳೆ ಅವನೇ ಮನೆಮನೆಗೂ ಬಂದು, ಉಳಿದ ಕಲ್ಲುಗಳನ್ನೆಲ್ಲ ತನ್ನ ಕೈಯಾರೆ ಒಡೆಯಬೇಕು. ಒಡೆದರೆ ಮಗಳು, ಮೊಮ್ಮಗಳಿಬ್ಬರಿಗೂ ರಹದಾರಿ. "ಅವನ ಕೈಯಿಂದಲೇ ಒಡೆಸಿದರೆ ಈ ಜನ ಇನ್ನೊಂದು ಕಲ್ಲು ಮಾಡಿಸಲ್ಲ" ಎಂದು ನನಗೆ ಹೇಳಿದ, ಅದನ್ನು ತರ್ಜುಮೆ ಮಾಡಬೇಡ ಎಂದ.

ನಾನು ರಹದಾರಿ ಟೈಪು ಮಾಡಿದೆ. ಯಾರಿನಾ ಪನಾಸಿವ್ನಾ, ಅಂದರೆ ಪನಾಸನ ಮಗಳು ಯಾರಿನಾ, ಜೊತೆಗೆ ಮಗು ರಿಮ್ಮಾ, ಒಟ್ಟು ಇಬ್ಬರು. ಯಾವ ಕಾಗದವಾದರೂ ಮೂರು ಪ್ರತಿ ಎಂಬುದು ಅವರ ಶಿಸ್ತು. ಲೂಡೆಕೆ ಮೂರಕ್ಕೂ ಸಹಿ ಹಾಕಿ, ಒಂದನ್ನು ಜೇಬಿಗಿಟ್ಟುಕೊಂಡ. ಉಳಿದೆರಡು ನನ್ನ ಮೇಜಿನಲ್ಲಿ ಉಳಿದವು.

ಆ ಸಂಜೆ ಪನಾಸನ ಮನೆಗೆ ಹೋದೆ, ಮೊದಲ ಸಲ.

"ಒಡೀತೀರಾ?" ಎಂದು ಕೇಳಿದೆ.

"ಇನ್ನೇನು ಮಾಡಲಿ?"

"ಹೋದ ಸಲವೂ ಹಿಂಗೇ ಅವರ ಮಾತು ನಂಬಿದ್ರಿ. ಏನಾಯ್ತು? ನಮ್ಮನೇಲಿ ಇಬ್ಬರು, ನಿಮ್ಮನೇಲಿ ಮೂವರು."

"ಗೊತ್ತು ಕಣವ್ವ" ಎಂದು ಅವನು ಬೆಂಚಿನ ಮೇಲೆ ಕುಸಿದ. "ದಿನಾ ಗೊತ್ತು. ಬೆಳಗ್ಗೆ ಎದ್ದ ತಕ್ಷಣ ಮೊದಲು ಗೊತ್ತಾಗೋದೇ ಅದು. ಆದ್ರೆ ಮಗು ಹೆಸರು ಕೇಳಿದೀನಲ್ಲ ಈಗ. ಕೇಳಿದ ಮೇಲೆ ಹೆಂಗಿರಲಿ ಹೇಳು."

ನಾನು ಬೈದೆ. ಹೇಳಬಾರದ್ದೆಲ್ಲ ಹೇಳಿದೆ. ಅವನು ಅಷ್ಟನ್ನೂ ಕೇಳಿಸಿಕೊಂಡು, ಎದ್ದು ಸಣ್ಣ ಬೆಣೆಯೊಂದನ್ನು ಹುಡುಕಿ ಸಾಣೆ ಹಿಡಿಯತೊಡಗಿದ. ಕಲ್ಲು ಪುಡಿ ಮಾಡಲು ಬೆಣೆ ಯಾಕೆ ಎಂದು ನನಗೆ ಆಗ ಹೊಳೆಯಲಿಲ್ಲ.

ಮಾರನೆಯ ಬೆಳಗ್ಗೆ ಹೊರಟೆವು. ಮುಂದೆ ಪನಾಸ್, ಹಿಂದೆ ಲೂಡೆಕೆ, ನಾನು, ಇಬ್ಬರು ಪೊಲೀಸರು. ಮೊದಲ ಮನೆಯಲ್ಲಿ ಹೆಂಗಸು ಅವನ ಮುಖಕ್ಕೆ ಉಗುಳಿದಳು. ಅವನು ತೋಳಿನಲ್ಲಿ ಒರೆಸಿಕೊಂಡು, ಕಲ್ಲನ್ನು ಅಂಗಳದ ಹಿಮದ ಮೇಲಿಟ್ಟು, ಬೆಣೆ ಊರಿ ಸುತ್ತಿಗೆ ಎತ್ತಿದ. ಒಂದೇ ಏಟು. ಎರಡನೆಯ ಮನೆಯಲ್ಲಿ ನಾನು ಕಲ್ಲನ್ನು ನೋಡಿದೆ, ಅವನನ್ನಲ್ಲ. ಅದು ಜಲ್ಲಿಯಾಗಿರಲಿಲ್ಲ. ಕತ್ತಿಯಲ್ಲಿ ಕೊಯ್ದ ರೊಟ್ಟಿಯಂತೆ ಸರಿಯಾಗಿ ಎರಡು ಹೋಳಾಗಿತ್ತು. ಗಿರಣಿಯ ಊರಿನಲ್ಲಿ ಹುಟ್ಟಿದವಳಿಗೆ ಅಷ್ಟು ಸಾಕು. ಎರಡು ಹೋಳನ್ನು ಕೂಡಿಸಿ ಗಾಡಿಚಕ್ರದ ಪಟ್ಟಿ ಬಿಗಿದರೆ ಕಲ್ಲು ಮೊದಲಿನಷ್ಟೇ ಚೆನ್ನಾಗಿ ಬೀಸುತ್ತದೆ.

ಪನಾಸ್ ಊರಿಗೂ ಹಿಟ್ಟು ಉಳಿಸಿ, ಮಗಳಿಗೂ ರಹದಾರಿ ಗಿಟ್ಟಿಸಲು ಹೊರಟಿದ್ದರು, ಅದೂ ಗಿರಣಿಯವನ ಮಗನೊಬ್ಬನ ಕಣ್ಣೆದುರಿಗೇ. ಪ್ರತಿ ಏಟಿನ ನಂತರ ಹೋಳುಗಳ ಮೇಲೆ ಕಾಲಿನಿಂದ ಹಿಮ ತಳ್ಳುತ್ತಿದ್ದರು. ಊರವರ ಬೈಗುಳ ಒಂದೊಂದು ಮನೆಗೂ ಹೆಚ್ಚಾಯಿತು. ಸುಮ್ಮನಿರಿ, ನೋಡಿ, ಬರೀ ಎರಡು ಹೋಳು ಎಂದು ಕೂಗಬೇಕೆನಿಸಿ ತುಟಿ ಕಚ್ಚಿಕೊಂಡೆ. ಲೂಡೆಕೆ ಚಳಿಗೆ ಕಾಲು ಕುಟ್ಟುತ್ತ, ಬೇಗ ಮುಗಿಸಿ ಎನ್ನುತ್ತಿದ್ದ. ಐದು, ಆರು, ಏಳು ಮನೆ ಮುಗಿದವು.

ಎಂಟನೆಯದು ನಮ್ಮದು. ದೊಡ್ಡಮ್ಮನನ್ನು ಕಣ್ಣಲ್ಲೇ ತಡೆಯಲು ನೋಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಕಲ್ಲು ಬಿರಿದ ತಕ್ಷಣ ಓಡಿಬಂದು, "ಅಯ್ಯೋ ನನ್ನ ತಂಗಿ ಕಲ್ಲು! ಎರಡು ಸಲ ಕೊಂದಲ್ಲೋ ಪಾಪಿ" ಎಂದು ಹಿಮದಲ್ಲಿ ಕೂತು, ಎರಡೂ ಹೋಳುಗಳನ್ನು ಎತ್ತಿ ಒಂದಕ್ಕೊಂದು ಒತ್ತಿ ಎದೆಗಪ್ಪಿಕೊಂಡಳು. ಹೋಳುಗಳು ಕೂಡಿದವು. ನಡುವೆ ಕೂದಲೆಳೆಯಷ್ಟೂ ಸಂದಿರಲಿಲ್ಲ.

ಲೂಡೆಕೆ ಕಾಲು ಕುಟ್ಟುವುದನ್ನು ನಿಲ್ಲಿಸಿದ. ಹತ್ತಿರ ಹೋಗಿ, ಬಗ್ಗಿ, ಕೂಡಿದ ಗೆರೆಯ ಮೇಲೆ ಉಗುರು ಎಳೆದು ನೋಡಿದ. ದೊಡ್ಡಮ್ಮ ಏನಾಯಿತೆಂದು ತಿಳಿಯದೆ ಅವನ ಮುಖವನ್ನೂ ನನ್ನ ಮುಖವನ್ನೂ ನೋಡಿದಳು. ಆಮೇಲೆ ಕಲ್ಲನ್ನು ನೋಡಿದಳು. ಅರ್ಥವಾದಾಗ ಅವಳು ಮಾಡಿದ ಸದ್ದು ನನಗೆ ಇನ್ನೂ ಕೇಳಿಸುತ್ತದೆ.

"ಮಗಳಿಗಿಂತ ಕಲ್ಲೇ ಹೆಚ್ಚಾಯ್ತೇನಯ್ಯ ನಿನಗೆ?" ಎಂದು ಲೂಡೆಕೆ ಕೇಳಿದ. ನಿಜವಾಗಿಯೂ ತಿಳಿಯಲೆಂದೇ ಕೇಳಿದಂತಿತ್ತು.

ನಾನು ಹೇಳುವ ಮೊದಲೇ ಪನಾಸ್ ಮಾವನಿಗೆ ಅರ್ಥವಾಗಿತ್ತು. "ಎರಡೂ ಬೇಕಿತ್ತು ಸಾಹೇಬ್ರೇ" ಅಂದರು. "ಈ ಸಲ ಎರಡೂ ಬೇಕು ಅಂದ್ಕೊಂಡೆ."

ಲೂಡೆಕೆ ಜೇಬಿನ ರಹದಾರಿ ತೆಗೆದು ನಾಲ್ಕು ಚೂರು ಮಾಡಿದ. ಗಿರಣಿಯ ದೊಡ್ಡ ಕಲ್ಲುಗಳು ಹಿಂದಿನ ದಿನವಷ್ಟೇ ಕುಟ್ಟಿ ತಯಾರಾಗಿದ್ದವು, ಇನ್ನು ಮೂರು ತಿಂಗಳು ಕಲ್ಲುಕುಟಿಗ ಬೇಕಿರಲಿಲ್ಲ. ಮಧ್ಯಾಹ್ನವೇ ಗಿರಣಿಯ ಬಾಗಿಲ ತೊಲೆಗೆ ಅವರನ್ನು ನೇಣು ಹಾಕಿದರು. ಊರೆಲ್ಲ ನಿಂತು ನೋಡಬೇಕೆಂದು ಅಪ್ಪಣೆ. ನಾನು ಮುಂದಿನ ಸಾಲಿನಲ್ಲಿದ್ದೆ. ಇಪ್ಪತ್ತು ವರ್ಷದ ನನ್ನ ಜೀವನದಲ್ಲಿ ಅವರನ್ನು ಒಮ್ಮೆಯೂ ಯಾವ ಸಂಬಂಧ ಹಚ್ಚಿಯೂ ಕರೆದಿರಲಿಲ್ಲ. "ಮಾವಾ" ಎಂದು ಕೂಗಿದೆ. ಕೇಳಿಸಿತೋ ಇಲ್ಲವೋ. ಪೊಲೀಸರು ಆಮೇಲೆ ಹೋಳುಗಳನ್ನು ಪುಡಿ ಮಾಡಲು ಮನೆಮನೆಗೆ ಹೋದಾಗ, ಹೆಂಗಸರು ಒಲೆಕಲ್ಲು, ಸಾಣೆಕಲ್ಲು ಜಜ್ಜಿ ರಾಶಿ ಹಾಕಿ, "ನಾವೇ ಪುಡಿ ಮಾಡಿದ್ವಿ, ಆ ಪಾಪಿ ಕಲ್ಲು ಯಾರಿಗೆ ಬೇಕು?" ಅಂದರಂತೆ. ನಿಜವಾದ ಹೋಳುಗಳು ಆಗಲೇ ಸಗಣಿ ಗುಂಡಿಯೊಳಗೆ ಸೇರಿದ್ದವು.

ನಾನು ಇದನ್ನು ನೋಡಲು ಊರಿನಲ್ಲಿರಲಿಲ್ಲ. ಮೇಜಿನಲ್ಲಿದ್ದ ಎರಡನೆಯ ಪ್ರತಿಯನ್ನು ಕುಪ್ಪಸದೊಳಗಿಟ್ಟುಕೊಂಡು, ದೊಡ್ಡಮ್ಮ ಸುಟ್ಟುಕೊಟ್ಟ ನಾಲ್ಕು ರೊಟ್ಟಿ ಹೊಟ್ಟೆಗೆ ಕಟ್ಟಿಕೊಂಡು, ಜಾರುಬಂಡಿ ಎಳೆಯುತ್ತ ಖಾರ್ಕಿವ್‌ಗೆ ಹೊರಟಿದ್ದೆ. ತೊಂಬತ್ತು ಕಿಲೋಮೀಟರ್, ನಾಲ್ಕು ದಿನ. ದಾರಿಯುದ್ದಕ್ಕೂ ಕೂತಲ್ಲೇ ಹೆಪ್ಪುಗಟ್ಟಿದ ಪಟ್ಟಣದ ಜನ. ಕೆಲವರ ಕೈಯಲ್ಲಿ ಇನ್ನೂ ಗಡಿಯಾರವಿತ್ತು. ಯಾರಿನಾ ಇದ್ದ ಕೋಣೆ ಹುಡುಕಿದೆ. ಅವಳು ಹಿಂದಿನ ದಿನ ಸತ್ತಿದ್ದಳು. ಪಕ್ಕದ ಮನೆಯ ಮುದುಕಿ ಮಗುವನ್ನು ಚಾದರದಲ್ಲಿ ಸುತ್ತಿ ಕೂರಿಸಿಕೊಂಡಿದ್ದಳು. ಒಂದು ದಿನ. ದಾರಿಯಲ್ಲಿ ನಾನೆಲ್ಲಿ ಕೂತೆ, ಎಷ್ಟು ಹೊತ್ತು ಕೂತೆ ಎಂದು ಆಮೇಲೆ ಎಷ್ಟು ಸಲ ಲೆಕ್ಕ ಹಾಕಿದೆನೋ.

ಮಗುವನ್ನು ಜಾರುಬಂಡಿಯಲ್ಲಿ ಕೂರಿಸಿ ಪಟ್ಟಣ ಬಿಡಲು ಬಂದರೆ ಸೇತುವೆಯ ಬಳಿ ಸಾಲು. ನನ್ನ ಮುಂದಿದ್ದ ಮುದುಕನ ಕಾಗದದಲ್ಲಿ ಇಬ್ಬರು ಎಂದಿತ್ತು, ಅವನ ಹೆಂಡತಿ ಸತ್ತು ಅವನೊಬ್ಬನೇ ಬಂದಿದ್ದ. "ಇಬ್ಬರು ಅಂತ ಬರೆದಿದೆ, ಇಬ್ಬರೂ ಬಂದ್ರೆ ಬಿಡ್ತೀವಿ" ಎಂದು ನಮ್ಮ ಭಾಷೆಯ ಪೊಲೀಸನೊಬ್ಬ ಅವನನ್ನು ಹಿಂದಕ್ಕೆ ದಬ್ಬಿದ. ಮಗುವಿನ ತಾಯಿ ತೀರಿಕೊಂಡಳು, ನಾನು ಊರಿನವಳು ಎಂದು ಹೇಳಲು ಸಿದ್ಧಮಾಡಿಕೊಂಡಿದ್ದ ಮಾತನ್ನೆಲ್ಲ ಅಲ್ಲೇ ಬಿಟ್ಟು, ಕಾಗದ ಚಾಚಿದೆ.

"ಹೆಸರು?"

"ಯಾರಿನಾ" ಅಂದೆ.

"ಅಪ್ಪನ ಹೆಸರು?"

"ಪನಾಸ್. ಪನಾಸ್ ಶುಲ್ಹಾ."

"ಏನು ಕೆಲಸ ಅವನದು?"

"ಕಲ್ಲುಕುಟಿಗರು."

"ಎಲ್ಲಿದಾನೆ ಈಗ?"

"ಗಿರಣಿಯಲ್ಲೇ ಇದ್ದಾರೆ" ಅಂದೆ. ಸುಳ್ಳಲ್ಲ. ಒಂದು ವಾರ ತೊಲೆಯಿಂದ ಹೆಣ ಇಳಿಸಬಾರದೆಂದು ಲೂಡೆಕೆ ಅಪ್ಪಣೆ ಮಾಡಿದ್ದ.

ಪೊಲೀಸ ಜಾರುಬಂಡಿಯ ಮೇಲೆ ಬಗ್ಗಿದ. "ಇವಳು ಯಾರೇ ಪುಟ್ಟಿ?"

ರಿಮ್ಮಾ ಅವನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನನ್ನ ಪರಿಚಯ ಅವಳಿಗೆ ಅರ್ಧ ದಿನದ್ದು. "ಹಸಿವು" ಎಂದು ನನಗೆ ಹೇಳಿದಳು. ಪೊಲೀಸ ನಕ್ಕು ಅಡ್ಡಗೋಲು ಎತ್ತಿದ.

ವೆರ್ಬಿವ್ಕಾಕ್ಕೆ ನಾನು ಮರಳಲಾಗಲಿಲ್ಲ, ಕಾಗದ ಕದ್ದವಳಿಗೆ ಅಲ್ಲಿ ತೊಲೆ ಕಾದಿತ್ತು. ದಕ್ಷಿಣಕ್ಕೆ ನಡೆದು, ನನ್ನನ್ನು ಯಾರೂ ಅರಿಯದ ಊರಿನಲ್ಲಿ ಉಳಿದೆ. ಯುದ್ಧ ಮುಗಿದ ಮೇಲೂ ನನ್ನ ಹಳೆಯ ಹೆಸರಿಗೆ ಮರಳದೆ ಯಾರಿನಾ ಆಗಿಯೇ ಉಳಿದೆ. ಜರ್ಮನರ ಕಚೇರಿಯಲ್ಲಿ ಕೂತಿದ್ದ ಸಿದೋರನ ಮಗಳು ತೆಕ್ಲಾಗೆ, ಅಂದರೆ ನನಗೆ, ನಮ್ಮ ಸರ್ಕಾರ ಹತ್ತು ವರ್ಷದ ಸೈಬೀರಿಯಾ ಕೊಡುತ್ತಿತ್ತು. ಆ ಭಯವೂ ಇತ್ತು, ಬರೀ ಪ್ರೀತಿಯಿಂದ ಹೆಸರು ಉಳಿಸಿಕೊಂಡೆ ಎಂದರೆ ಸುಳ್ಳಾದೀತು. ದೊಡ್ಡಮ್ಮ ಸಾಯುವ ಮೊದಲು ಒಮ್ಮೆ ಹೇಳಿ ಕಳಿಸಿದಳು: ಏಳು ಕಲ್ಲುಗಳು ಚಕ್ರದ ಪಟ್ಟಿ ಬಿಗಿಸಿಕೊಂಡು ಎರಡು ಚಳಿಗಾಲ ಬೀಸಿದವಂತೆ, ಎಡಕ್ಕೆ ತಿರುಗುತ್ತ.

ನಮ್ಮ ಕಡೆ ವಯಸ್ಸಾದವರನ್ನು ಬರೀ ಹೆಸರಿನಿಂದ ಕರೆದರೆ ಅಗೌರವ, ಅಪ್ಪನ ಹೆಸರು ಸೇರಿಸಿಯೇ ಕರೆಯಬೇಕು. ಶಾಲೆಯಲ್ಲಿ ಮಕ್ಕಳು, ಆಸ್ಪತ್ರೆಯಲ್ಲಿ ನರ್ಸುಗಳು, ಅಂಚೆಯವನು, ರಿಮ್ಮಾಳ ಗಂಡ, ಎಲ್ಲರೂ ಅರವತ್ತು ವರ್ಷದಿಂದ ನನ್ನನ್ನು ಯಾರಿನಾ ಪನಾಸಿವ್ನಾ ಎಂದೇ ಕರೆಯುತ್ತ ಬಂದಿದ್ದಾರೆ. ನನ್ನ ತಮ್ಮನ ಬಾಯಿಂದ ಹಿಟ್ಟು ಕಿತ್ತವರ ಹೆಸರು ಅದು. ಮೊದಮೊದಲು ಕೇಳಿದಾಗಲೆಲ್ಲ ಬೆನ್ನು ಬಿಗಿಯುತ್ತಿತ್ತು. ಹೋದ ತಿಂಗಳು ಪಿಂಚಣಿ ಕಚೇರಿಯಲ್ಲಿ ಹುಡುಗಿಯೊಬ್ಬಳು, "ಪನಾಸಿವ್ನಾ ಯಾರು? ಪನಾಸನ ಮಗಳು ಬಂದಿದ್ದಾರಾ?" ಎಂದು ಕೂಗಿದಳು.

"ಇಲ್ಲೇ ಇದೀನಿ ಕಣಮ್ಮಾ" ಎಂದು ಎದ್ದೆ.